ಬಾಯಿಗೆ ಒಂದು ಚಮಚ ನೀರು ಬಿಡಬಹುದಾ, ಸಿಸ್ಟರ್?

ಈ ಪ್ರಶ್ನೆ ಬಾರದ ವಾರವೇ ನಮ್ಮ ವಾರ್ಡಿನಲ್ಲಿ ಇಲ್ಲ. ಕೇಳುವವರು ಹೆಚ್ಚಾಗಿ ಮಗ, ಇಲ್ಲವೇ ಸೊಸೆ. ಕೈಯಲ್ಲಿ ಮನೆಯಿಂದ ತಂದ ಗಂಗೆಯ ಚೊಂಬು ಅಥವಾ ಸ್ಟೀಲ್ ಲೋಟದಲ್ಲಿ ತುಳಸಿ ನೀರು.

ನಾನು ಕೆಲಸ ಮಾಡುವುದು ಪ್ಯಾಲಿಯೇಟಿವ್ ವಾರ್ಡಿನಲ್ಲಿ, ಅಂದರೆ ಉಪಶಮನ ಆರೈಕೆ. ಕಾಯಿಲೆ ವಾಸಿಯಾಗುವ ಹಂತ ದಾಟಿದವರಿಗೆ ನೋವು, ಉಸಿರಾಟದ ಕಷ್ಟ, ಭಯ ಕಡಿಮೆ ಮಾಡುವುದು ನಮ್ಮ ಕೆಲಸ. ನುಂಗುವ ಶಕ್ತಿ ಹೋದವರ ಬಾಯಿಗೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಾಗಿ ಕೇಸ್ ಶೀಟಿನಲ್ಲಿ ‘ಬಾಯಿಗೆ ಏನೂ ಕೊಡಬಾರದು’ ಅಂತ ಬರೆದಿರುತ್ತಾರೆ. ಓದಿಕೊಂಡ ನರ್ಸ್ ಸುಮ್ನೆ ‘ಇಲ್ಲ’ ಅಂದುಬಿಡಬಹುದು. ಆದರೆ ‘ಕೊನೆಗೆ ಒಂದು ತೊಟ್ಟು ನೀರೂ ಬಿಡಲಿಲ್ಲ’ ಅನ್ನುವ ಮಾತು ಆ ಮಗನನ್ನು ಎಷ್ಟು ವರ್ಷ ಸುಡುತ್ತದೆ ಅಂತ ಕೇಸ್ ಶೀಟಿಗೆ ಗೊತ್ತಿರುವುದಿಲ್ಲ.

ನಾನು ಮಾಡುವುದು ಇಷ್ಟು. ಮಂಚದ ತಲೆ ಕಡೆ ಎತ್ತುತ್ತೇನೆ. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತೇನೆ. ಗಾಜ್ ಬಟ್ಟೆಯ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ತುಂಡನ್ನು ಅವರು ತಂದ ನೀರಿನಲ್ಲೇ ಅದ್ದಿ, ಚೆನ್ನಾಗಿ ಹಿಂಡಿ ಮಗನ ಕೈಗೆ ಕೊಡುತ್ತೇನೆ. ತುಟಿಗೆ, ಒಸಡಿಗೆ, ನಾಲಿಗೆಯ ಮೇಲೆ ಒತ್ತಿಸುತ್ತೇನೆ. ನೀರು ಬಿಟ್ಟಂತೆಯೂ ಆಯಿತು, ಗಂಟಲಿಗೆ ಹರಿಯುವ ಅಪಾಯವೂ ಕಡಿಮೆಯಾಯಿತು. ಜಮ್‌ಜಮ್ ನೀರು ತಂದವರಿಗೂ ಇದೇ ಗಾಜ್, ಚರ್ಚಿನ ತೀರ್ಥ ತಂದವರಿಗೂ ಇದೇ. ‘ಬಾಯಾರಿಕೆ ಆಗಿರಬೇಕು, ಡ್ರಿಪ್ ಹಾಕಿ’ ಅನ್ನುವವರಿಗೂ ಇದನ್ನೇ ತೋರಿಸುತ್ತೇನೆ. ಕೊನೆಯ ದಿನಗಳಲ್ಲಿ ಕಾಡುವುದು ಹೆಚ್ಚಾಗಿ ಬಾಯಿ ಒಣಗುವುದು. ಡ್ರಿಪ್‌ನಿಂದ ಅದು ಅಷ್ಟಾಗಿ ಹೋಗುವುದಿಲ್ಲ. ದೇಹ ತಡೆಯದಿದ್ದರೆ ಆ ನೀರು ಕಾಲಲ್ಲಿ, ಎದೆಯಲ್ಲಿ ತುಂಬಿಕೊಳ್ಳುತ್ತದೆ. ಗಂಟೆ ಎರಡು ಗಂಟೆಗೊಮ್ಮೆ ಬಾಯಿ ಒರೆಸಿ ತುಟಿಗೆ ಕೊಬ್ಬರಿ ಎಣ್ಣೆ ಸವರುವುದೇ ಜಾಸ್ತಿ ಹಿತ.

ಹೆಸರು ನೋಡಿ, ಹಣೆ ನೋಡಿ ಊಹಿಸಿದರೆ ಮಾತ್ರ ಕೆಡುತ್ತೇವೆ. ಅಡ್ಡವಾಗಿ ಮೂರು ಗೆರೆ ವಿಭೂತಿ ಧರಿಸುತ್ತಿದ್ದ ಒಬ್ಬ ಅಜ್ಜನಿಗೆ ಏನು ಬೇಕು ಅಂತ ಮೊದಲೇ ಕೇಳಿಟ್ಟಿದ್ದೆ. ‘ತೀರ್ಥಗೀರ್ಥ ಏನೂ ಬೇಡಮ್ಮ, ಫಿಲ್ಟರ್ ಕಾಫಿ ತಾ’ ಅಂದಿದ್ದರು. ಮನೆಯವರು ಮುಖ ಮುಖ ನೋಡಿಕೊಂಡರು. ಕೊನೆಗೆ ಗಾಜ್ ಅದ್ದಿದ್ದು ಕಾಫಿಯಲ್ಲೇ.

ಕೇಳದೆ ಕೆಡಿಸಿದ್ದೂ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸ್ಕ್ಯಾನಿಂಗಿಗೆ ಕಳಿಸುವ ಅವಸರದಲ್ಲಿ ಒಬ್ಬ ತಾಯಿಯ ಕೊರಳಿನ ಶಿವದಾರ ಕತ್ತರಿಸಿದೆ. ಬೆಳ್ಳಿಯ ಕರಡಿಗೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅವರ ಚಪ್ಪಲಿ ಇದ್ದ ಕಡೆ, ಮಂಚದ ಕೆಳಗಿಟ್ಟೆ. ಒಳಗೆ ಅವರ ಇಷ್ಟಲಿಂಗ ಇತ್ತು. ಅವರು ಬೈಯಲಿಲ್ಲ. ಸಂಜೆವರೆಗೆ ನನ್ನ ಜೊತೆ ಮಾತಾಡಲಿಲ್ಲ, ಅಷ್ಟೇ. ಲೋಹ ತೆಗೆಯಲೇಬೇಕಿತ್ತು, ಅದು ಸರಿ. ಆದರೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಡಬಹುದಿತ್ತು. ಎರಡು ನಿಮಿಷದ ಕೆಲಸ.

ಇನ್ನು ‘ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ’ ಅನ್ನುವವರು. ಇವರ ಮೇಲೆ ನನಗೆ ಸಿಟ್ಟಿಲ್ಲ, ಅದು ಪ್ರೀತಿಯೇ. ಕಷ್ಟ ಬರುವುದು ರಾತ್ರಿ ಎರಡು ಗಂಟೆಗೆ, ಮನೆಯವರೆಲ್ಲ ಮಲಗಿದ ಮೇಲೆ. ‘ಇವರೆಲ್ಲ ಏನೋ ಮುಚ್ಚಿಡ್ತಿದಾರೆ ಅಲ್ವಾ ಸಿಸ್ಟರ್?’ ಅಂತ ಅದೇ ಅಪ್ಪ ಕೇಳುತ್ತಾರೆ. ಕಾಯಿಲೆಯ ಹೆಸರು ಹೇಳಬೇಕಾದವರು ಡಾಕ್ಟರು. ಹಾಗಂತ ‘ಏನಿಲ್ಲ, ಹುಷಾರಾಗ್ತೀರಿ’ ಅಂತ ಸುಳ್ಳನ್ನೂ ನಾನು ಹೇಳುವುದಿಲ್ಲ. ಸ್ಟೂಲ್ ಎಳೆದು ಕೂತು, ‘ನಿಮಗೆ ಏನನ್ನಿಸ್ತಿದೆ?’ ಅಂತ ಕೇಳುತ್ತೇನೆ. ಎಷ್ಟೋ ಜನಕ್ಕೆ ಗೊತ್ತೇ ಇರುತ್ತದೆ. ಮಗ ಅಳುತ್ತಾನೆ ಅಂತ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಬೆಳಿಗ್ಗೆ ಡಾಕ್ಟರಿಗೆ ಹೇಳಿ, ಮಗನನ್ನು ಪಕ್ಕಕ್ಕೆ ಕರೆದು ಮಾತಾಡುವುದು ಆಮೇಲಿನ ಕೆಲಸ.

ಮಾರ್ಫಿನ್ ಬಗ್ಗೆ ಒಂದೇ ಮಾತು: ಅದು ‘ಕೊನೆಯ ಮದ್ದು’ ಅಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ತಿಂಗಳುಗಟ್ಟಲೆ ನೋವು ತಡೆಯುತ್ತದೆ. ಮಲಬದ್ಧತೆ ಬರುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಜೊತೆಗಿರಬೇಕು.

ವೆಂಟಿಲೇಟರ್ ಬೇಕೋ ಬೇಡವೋ ಅಂತ ರೋಗಿಯನ್ನೇ ಕೇಳುವ ಹೊತ್ತಿಗೆ ನಮ್ಮಲ್ಲಿ ಸಾಮಾನ್ಯವಾಗಿ ಅವರಿಗೆ ಪ್ರಜ್ಞೆ ಇರುವುದಿಲ್ಲ. ಮೊದಲೇ ಬರೆದಿಡಲು ದಾರಿ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಪತ್ರವನ್ನು, ಅಂದರೆ ಲಿವಿಂಗ್ ವಿಲ್ ಅನ್ನು, ಒಪ್ಪಿತು. 2023ರಲ್ಲಿ ನಿಯಮ ಸಡಿಲವಾಯಿತು. ಈಗ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಈ ತೀರ್ಪನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಆದರೆ ಬರೆದಿಟ್ಟುಕೊಂಡು ಬಂದ ರೋಗಿಯನ್ನು ನಾನಿನ್ನೂ ನೋಡಿಲ್ಲ.

‘ಮನೆಗೆ ಕರ್ಕೊಂಡು ಹೋಗ್ತೀವಿ’ ಅನ್ನುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಕೆಲವರಿಗೆ ವಿಚಿತ್ರ ಅನ್ನಿಸುತ್ತದೆ: ಮನೆ ಸ್ವಂತದ್ದಾ, ಬಾಡಿಗೆಯದ್ದಾ? ಸರಿಯಿಲ್ಲದ ನಕ್ಷತ್ರದಲ್ಲಿ ಸಾವಾದರೆ ಮನೆಯನ್ನು ತಿಂಗಳುಗಟ್ಟಲೆ ಬಿಡಬೇಕು ಅನ್ನುವ ನಂಬಿಕೆ ಇದೆ. ಹಾಗಾಗಿ ಕೆಲವು ಓನರ್‌ಗಳು ಗೇಟಿನ ಒಳಗೆ ಬಿಡುವುದಿಲ್ಲ. ಆಂಬುಲೆನ್ಸ್ ಮನೆ ಮುಂದೆ ನಿಂತ ಮೇಲೆ ಗೊತ್ತಾಗುವುದಕ್ಕಿಂತ ವಾರ್ಡಿನಲ್ಲೇ ಗೊತ್ತಾಗುವುದು ವಾಸಿ.

ಹೋದ ತಿಂಗಳು ಹೀಗೆ ಕೇಳಿದಾಗ, ಮಗಳು ಫೋನ್ ಹಿಡಿದು ಕಾರಿಡಾರಿಗೆ ಹೋದರು. ಹತ್ತು ನಿಮಿಷ ಬಿಟ್ಟು ಬಂದು, ‘ಬೇಡ ಸಿಸ್ಟರ್, ಇಲ್ಲೇ ಇರ್ತೀವಿ’ ಅಂದರು. ಓನರ್ ಏನಂದರು ಅಂತ ನಾನು ಕೇಳಲಿಲ್ಲ. ಮಂಚವನ್ನು ಕಿಟಕಿ ಪಕ್ಕಕ್ಕೆ ಸರಿಸಿ ಸ್ಕ್ರೀನ್ ಎಳೆದೆವು. ಆಕ್ಸಿಜನ್ ಓಡುತ್ತಿತ್ತು, ದೀಪ ಹಚ್ಚುವ ಹಾಗಿರಲಿಲ್ಲ. ಆಯಾ ಎಲ್ಲಿಂದಲೋ ಒಂದು ಬ್ಯಾಟರಿ ದೀಪ ಹುಡುಕಿ ತಂದು ಲಾಕರ್ ಮೇಲಿಟ್ಟರು.