ಖಡಕ್ ರೊಟ್ಟಿ ಇಳಿಯದಿದ್ದರೆ ಬಿಸಿಲನ್ನಷ್ಟೇ ದೂರಬೇಡಿ

ಆಳಂದದ ಕಡೆಯಿಂದ ಐವತ್ತರ ಆಸುಪಾಸಿನ ತಾಯಿಯೊಬ್ಬರು ಹಲ್ಲು ತೋರಿಸಲು ಬಂದಿದ್ದರು. ಪರೀಕ್ಷೆಯ ಪುಟ್ಟ ಕನ್ನಡಿಯನ್ನು ಕೆನ್ನೆಯ ಒಳಬದಿಗೆ ತಾಗಿಸಿದೆ. ತೆಗೆಯಲು ಹೋದರೆ ಚರ್ಮಕ್ಕೆ ಅಂಟಿಕೊಂಡಿತ್ತು. ಹಲ್ಲುಗಳ ಬುಡದಲ್ಲೆಲ್ಲ ಹುಳುಕು. ನಾಲಗೆ ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿತ್ತು.

"ಖಡಕ್ ರೊಟ್ಟಿ ಇಳಿಯುತ್ತದೆಯೇ ಅಮ್ಮಾ?"

"ತುತ್ತಿಗೊಂದು ಗುಟುಕು ನೀರು ಬೇಕು ಸಾಹೇಬರೇ. ಎರಡು ವರ್ಷವಾಯಿತು. ಬಿಸಿಲಿಗೆ ಎಂದುಕೊಂಡೆ."

ಕಲಬುರಗಿಯಲ್ಲಿ ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಾರೆ. ಆದರೆ ಬಿಸಿಲಿನ ಒಣಗು ಮಳೆ ಬಿದ್ದ ಮೇಲೆ ಉಳಿಯುವುದಿಲ್ಲ. ಶ್ರಾವಣದಲ್ಲೂ ಬಾಯಿ ಒಣಗಿ, ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುತ್ತಿದ್ದರೆ ನಾನು ಮೊದಲು ಸಕ್ಕರೆ ಕಾಯಿಲೆ, ಅಲರ್ಜಿ ಮತ್ತು ಖಿನ್ನತೆಯ ಮಾತ್ರೆಗಳ ಬಗ್ಗೆ ವಿಚಾರಿಸುತ್ತೇನೆ. ಅವು ಕಾರಣವಲ್ಲದಿದ್ದರೆ ಶೋಗ್ರೆನ್ ಕಾಯಿಲೆಯ ಅನುಮಾನ ಬರುತ್ತದೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಪಡೆಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿಬೀಳುತ್ತದೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಜೊಲ್ಲನ್ನು ಅಳೆಯಲು ಬೇಕಾದದ್ದು ಒಂದು ಗಡಿಯಾರ, ಒಂದು ಅಳತೆ ಕೊಳವೆ. ಬೆಳಿಗ್ಗೆ ಏನನ್ನೂ ತಿನ್ನದೆ ಕುಡಿಯದೆ ಬಂದು, ತಲೆ ಬಗ್ಗಿಸಿ ಕುಳಿತು, ಒಸರಿದ್ದನ್ನು ತಾನಾಗಿ ಇಳಿಯಬಿಡಬೇಕು. ನಿಮಿಷಕ್ಕೆ 0.1 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಈ ಕಾಯಿಲೆಯನ್ನು ಗುರುತಿಸುವ 2016ರ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಒಂದು ಅಂಕ. ಆ ತಾಯಿ ಹದಿನೈದು ನಿಮಿಷ ಕುಳಿತರೂ ಕೊಳವೆಯ ತಳವಷ್ಟೇ ಒದ್ದೆಯಾಯಿತು.

ಆ ಹನಿಯೊಳಗೂ ಸುಳಿವುಗಳಿವೆ. ಶೋಗ್ರೆನ್ ರೋಗಿಗಳ ಜೊಲ್ಲಿನಲ್ಲಿ ಬೀಟಾ-2 ಮೈಕ್ರೋಗ್ಲಾಬ್ಯುಲಿನ್, ಲ್ಯಾಕ್ಟೋಫೆರಿನ್ ಪ್ರೋಟೀನುಗಳು ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ. ಸೂಜಿಯಿಲ್ಲದೆ, ತುಟಿ ಕೊಯ್ಯದೆ ರೋಗ ಹಿಡಿಯುವ ದಿನ ಬರಲಿ ಎಂದು ನಾನೂ ಮನಸಾರೆ ಬಯಸುತ್ತೇನೆ. ಆದರೆ ವಸಡು ಊದಿದರೂ ಲ್ಯಾಕ್ಟೋಫೆರಿನ್ ಏರುತ್ತದೆ. ಗುಟ್ಕಾ ತಿಂದು ವಸಡು ಹಾಳಾದ ಬಾಯಿಗಳನ್ನು ದಿನವೂ ನೋಡುವ ನನಗೆ ಜೊಲ್ಲಿನ ಪ್ರೋಟೀನಿನ ಪ್ರಮಾಣವೊಂದನ್ನೇ ನಂಬಿ ರೋಗದ ಹೆಸರು ಹೇಳುವ ಧೈರ್ಯವಿಲ್ಲ. ಇಂದಿಗೂ ತೂಕವಿರುವುದು ದೇಹದ ವಿರುದ್ಧವೇ ತಿರುಗಿದ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಆಂಟಿ-ರೋ ಪರೀಕ್ಷೆಗೆ ಮತ್ತು ಕೆಳತುಟಿಯ ಸಣ್ಣ ಗ್ರಂಥಿಗಳ ತುಣುಕು ತೆಗೆದು ನೋಡುವ ಬಯಾಪ್ಸಿಗೆ. ಅದೇ ಮಾನದಂಡದಲ್ಲಿ ಒಂದೊಂದಕ್ಕೂ ಮೂರು ಅಂಕ. ಶೋಗ್ರೆನ್ ಎನ್ನಲು ಒಟ್ಟು ನಾಲ್ಕು ಬೇಕು.

ಆ ತಾಯಿಯ ಆಂಟಿ-ರೋ ಪಾಸಿಟಿವ್ ಬಂತು. ಜೊಲ್ಲಿನ ಒಂದು ಅಂಕ ಸೇರಿ ನಾಲ್ಕಾಯಿತು. ಕೀಲುವಾತ ತಜ್ಞರ ಬಳಿಗೆ ಕಳಿಸಿ, ಹುಳುಕು ತುಂಬಿ, ಫ್ಲೋರೈಡ್ ಹಚ್ಚಿದೆ. ಕಿವಿಯ ಬುಡದಲ್ಲಿ ಬಾವು ಬಂದು ಇಳಿಯದೆ ಉಳಿದರೆ ಅಂದೇ ಬರಬೇಕೆಂದು ಮಗನಿಗೂ ಹೇಳಿದ್ದೇನೆ. ಈ ರೋಗಿಗಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಹೆಚ್ಚು.