ಬೋರ್ಡಿನ ಮೇಲೆ ‘ಆಯುಷ್ಮಾನ್’ ಎಂದು ಬರೆಸುವ ಮುನ್ನ

ಹಾಸಿಗೆ ಹಿಡಿದವರನ್ನು ಕೆಲವು ದಿನದ ಮಟ್ಟಿಗೆ ಇಟ್ಟುಕೊಂಡು ನೋಡಿಕೊಳ್ಳುವ ನಮ್ಮ ಹಾಸನದ ಕೇಂದ್ರಕ್ಕೆ ಹೋದ ತಿಂಗಳು ಚಿಕ್ಕಮಗಳೂರಿನ ಹುಡುಗನೊಬ್ಬ ಬಂದಿದ್ದ. ಬಿಎಸ್‌ಸಿ ನರ್ಸಿಂಗ್ ಓದಿ, ಕೆಲವು ವರ್ಷ ಗಲ್ಫ್‌ನಲ್ಲಿ ದುಡಿದು, ಅಪ್ಪನಿಗೆ ಲಕ್ವ ಹೊಡೆದ ಮೇಲೆ ಊರಿಗೆ ಮರಳಿದವನು. ಅಪ್ಪನನ್ನು ನೋಡಿಕೊಳ್ಳುತ್ತಾ ಅಮ್ಮ ಸೊರಗಿದ್ದನ್ನು ಕಣ್ಣಾರೆ ಕಂಡು, ಇಂಥ ಮನೆಯವರಿಗೆ ನಾಲ್ಕು ದಿನ ಬಿಡುವು ಕೊಡುವ ಒಂದು ಜಾಗ ಮಾಡಬೇಕೆಂದು ಹೊರಟಿದ್ದಾನೆ. ಕೂತ ಕೂಡಲೇ ಕೇಳಿದ ಪ್ರಶ್ನೆ: “ಮೇಡಂ, ಆಯುಷ್ಮಾನ್ ಕಾರ್ಡ್ ತಗೋತೀವಿ ಅಂತ ಬೋರ್ಡ್ ಹಾಕ್ಸಬಹುದಾ?”

ಹಾಕಿಸಬೇಡಪ್ಪ ಎಂದೆ. ಮುಖ ಸಣ್ಣಗಾಯಿತು. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಯಾವುದೋ ವಿಡಿಯೊ ಕಳಿಸಿದ್ದನಂತೆ. ಅಲ್ಲಿ ರೆಸ್ಪೈಟ್ ಕೇರ್, ಅಂದರೆ ನೋಡಿಕೊಳ್ಳುವವರಿಗೆ ಬಿಡುವು ಕೊಡುವ ಆರೈಕೆ ಎಂಬುದೇ ಒಂದು ವ್ಯವಹಾರ, ದುಡ್ಡು ಸರ್ಕಾರದ ವಿಮೆಯಿಂದಲೇ ಬರುತ್ತದೆ. ಸುಳ್ಳಲ್ಲ. ಅಲ್ಲಿನ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ಗೆ 1981ರಲ್ಲಿ ಆದ ಕಾನೂನು ತಿದ್ದುಪಡಿಯ ಮೇಲೆ, ರಾಜ್ಯಗಳು ವಿಶೇಷ ಅನುಮತಿ ಪಡೆದು ಮನೆಯಲ್ಲೇ ಕೊಡುವ ಆರೈಕೆಗೂ ಹಣ ಕೊಡಬಹುದು. ಆ ಪಟ್ಟಿಯಲ್ಲಿ ರೆಸ್ಪೈಟ್ ಕೂಡ ಇದೆ. ಸಂಸ್ಥೆ ರಾಜ್ಯದಲ್ಲಿ ನೋಂದಾಯಿಸಿಕೊಳ್ಳುತ್ತದೆ, ಈ ಕುಟುಂಬಕ್ಕೆ ಇಷ್ಟು ಗಂಟೆ ಎಂದು ಮೊದಲೇ ಮಂಜೂರಾಗುತ್ತದೆ, ಬಿಲ್ಲನ್ನು ಹದಿನೈದು ನಿಮಿಷದ ಲೆಕ್ಕದಲ್ಲಿ ಹಾಕುವುದೂ ಉಂಟು. ಅಲ್ಲಿ ಬಿಲ್ಲಿನಲ್ಲಿ ಬಿಡುವಿಗೇ ಒಂದು ಸಾಲಿದೆ. ನಮ್ಮಲ್ಲಿ ಆ ಸಾಲೇ ಇಲ್ಲ.

ನಮ್ಮ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಉಳಿದವರಿಗೆ ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. ಹಣ ಹೋಗುವುದು ಆಸ್ಪತ್ರೆಗೆ, ಚಿಕಿತ್ಸೆಯ ಪ್ಯಾಕೇಜಿನ ಲೆಕ್ಕದಲ್ಲಿ. ಲಕ್ವ ಹೊಡೆದವರನ್ನು ಉಳಿಸಲು ದುಡ್ಡಿದೆ. ಉಳಿದುಕೊಂಡವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಇಲ್ಲ. ಹಾಲಿನ ಡೇರಿ, ಸೊಸೈಟಿಗಳ ಸದಸ್ಯರಿಗಿರುವ ಯಶಸ್ವಿನಿಯೂ ಅಷ್ಟೆ. 2003ರಲ್ಲಿ ಶುರುವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಬಂದ ಆ ಯೋಜನೆಯ ದುಡ್ಡೂ ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲುತ್ತದೆ. ನಮ್ಮೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇಎಸ್‌ಐ ಇದೆ. ಆಕೆಗೇ ಕಾಯಿಲೆಯಾದರೆ ಕೂಲಿಯ ಶೇ 70 ಬರುತ್ತದೆ. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳಲು ರಜೆ ಹಾಕಿದರೆ ಆ ದಿನದ ಕೂಲಿ ಹೋದಂತೆಯೇ.

ಈ ಎಲ್ಲ ಕಾರ್ಡುಗಳಿಗೂ ರೋಗಿ ಗೊತ್ತು, ರೋಗಿಯನ್ನು ನೋಡಿಕೊಳ್ಳುವವಳು ಗೊತ್ತಿಲ್ಲ. ನಿನ್ನ ಗಿರಾಕಿ ಅವಳು ಎಂದು ಹುಡುಗನಿಗೆ ಹೇಳಿದೆ. ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಫಿಸಿಯೋಥೆರಪಿ ಮಾಡಿಕೊಂಡಿದ್ದ ನನಗೂ ಮೊದಲ ವರ್ಷ ಆಗಿರಲಿಲ್ಲ.

ಆಗ ಆಲೂರು ಕಡೆಯಿಂದ ಒಬ್ಬಾಕೆ ಅತ್ತೆಯನ್ನು ಆಟೋದಲ್ಲಿ ಒರಗಿಸಿಕೊಂಡು ಬಂದಿದ್ದರು. ಅಣ್ಣನ ಮಗಳ ಮದುವೆಗೆ ಮೂರು ದಿನ ಹೋಗಬೇಕಿತ್ತು. ತವರಿಗೆ ಹೋಗಿ ನಾಲ್ಕು ವರ್ಷವಾಗಿತ್ತಂತೆ. ನಾನು ಫಾರಂ ತೆಗೆದು ಬಿಪಿ, ಶುಗರ್, ಯಾವ ಕಡೆ ಸ್ವಾಧೀನ ಇಲ್ಲ ಎಂದೆಲ್ಲ ಬರೆದುಕೊಂಡೆ. ಆಕೆ ಬಾಗಿಲಿನವರೆಗೂ ಹೋದವರು ತಿರುಗಿ ಬಂದು, “ಎಡಮಗ್ಗುಲಾದ್ರೇನೇ ನಿದ್ದೆ ಹತ್ತೋದು. ಗಂಜಿ ಬೇಡ ಅನ್ನಕ್ಕೆ ಅವ್ರಿಗೆ ಮಾತು ಬರಲ್ಲ, ಬಲಗೈಲಿ ಮಂಚ ತಟ್ತಾರೆ. ಎರಡು ಸಲ ತಟ್ಟಿದ್ರೆ ಬೇಡ, ಮೂರು ಸಲ ತಟ್ಟಿದ್ರೆ ಬಟ್ಟೆ ಒದ್ದೆಯಾಗಿದೆ ಅಂತ” ಎಂದರು. ನನ್ನ ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಈಗ ನಮ್ಮ ಫಾರಂನ ಮೊದಲ ಪುಟ ಪೂರ್ತಿ ಖಾಲಿ. ಮನೆಯಲ್ಲಿ ನೋಡಿಕೊಳ್ಳುವವರು ಹೇಳಿದ್ದನ್ನು ಅವರ ಮಾತಿನಲ್ಲೇ ಅಲ್ಲಿ ಬರೆಯುತ್ತೇವೆ. ಕಾಯಿಲೆಯ ವಿವರ ಎರಡನೇ ಪುಟದಲ್ಲಿ.

ಅದೇ ವರ್ಷ ಒಂದು ತಪ್ಪೂ ಆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಬಿಪಿ ಮಾತ್ರೆ ಒಂದು ಪೊಟ್ಟಣದಲ್ಲಿತ್ತು, ಮೆಡಿಕಲ್ ಸ್ಟೋರಿನಲ್ಲಿ ಕೊಂಡದ್ದು ಇನ್ನೊಂದರಲ್ಲಿ. ಹೆಸರು ಬೇರೆ, ಒಳಗಿನ ಔಷಧಿ ಒಂದೇ. ನಮ್ಮ ಹುಡುಗಿ ಎರಡನ್ನೂ ಕೊಟ್ಟಳು. ಮಾರನೇ ಬೆಳಿಗ್ಗೆ ಅಜ್ಜನನ್ನು ಎಬ್ಬಿಸಿ ಕೂರಿಸಿದರೆ ಕಣ್ಣು ಕತ್ತಲೆ ಬಂದು ಪಕ್ಕಕ್ಕೆ ವಾಲಿದರು. ಹಿಡಿದುಕೊಂಡದ್ದರಿಂದ ಬಚಾವಾದೆವು. ಅವಳನ್ನು ಬೈದು ಪ್ರಯೋಜನವಿಲ್ಲ. ಸೇರಿಸಿಕೊಳ್ಳುವಾಗ ಮಾತ್ರೆ ಚೀಲವನ್ನು ಮೇಜಿನ ಮೇಲೆ ಸುರಿದು ನೋಡದೆ ಹೋದವಳು ನಾನು. ಅಂದಿನಿಂದ ಚೀಲ ಸುರಿಯದೆ ಯಾರನ್ನೂ ಒಳಗೆ ಕರೆದುಕೊಂಡಿಲ್ಲ.

ಇನ್ನು ದುಡ್ಡಿನ ಮಾತು. ಆರು ಹಾಸಿಗೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಯ ಪಾಳಿಯಂತೆ ಬೆಳಿಗ್ಗೆ ಇಬ್ಬರು, ಮಧ್ಯಾಹ್ನದಿಂದ ಇಬ್ಬರು, ರಾತ್ರಿಗೆ ಒಬ್ಬರು. ವಾರಕ್ಕೆ 35 ಪಾಳಿ. ಒಬ್ಬರಿಗೆ ವಾರಕ್ಕೊಂದು ರಜೆ ಬೇಕಲ್ಲ, ಹಾಗಾಗಿ ಆರು ಜನ ಬೇಕೇ ಬೇಕು. ಹನ್ನೆರಡು ಗಂಟೆ ದುಡಿಸಿದರೆ ನಾಲ್ವರಲ್ಲೇ ಮುಗಿಯುತ್ತದೆ ಎನ್ನುವವರಿದ್ದಾರೆ. ದಣಿದವರು ಮಗ್ಗುಲು ಬದಲಿಸುವುದನ್ನು ಬಿಟ್ಟು ರೋಗಿಗೆ ಬೆನ್ನು ಹುಣ್ಣು ಶುರುವಾಗುವುದು ಆ ಹತ್ತನೇ, ಹನ್ನೊಂದನೇ ಗಂಟೆಯಲ್ಲೇ. ತಲಾ 15 ಸಾವಿರ ಎಂದರೂ ಸಂಬಳಕ್ಕೆ 90 ಸಾವಿರ. ಬಾಡಿಗೆ, ಊಟ, ಕರೆಂಟು, ಬಟ್ಟೆ ಒಗೆಸುವುದು, ಡೈಪರ್ ಸೇರಿ ಇನ್ನೊಂದು 60 ಸಾವಿರ. ತಿಂಗಳಿಗೆ ಒಂದೂವರೆ ಲಕ್ಷ. ಆರೂ ಹಾಸಿಗೆ ಮೂವತ್ತೂ ದಿನ ತುಂಬಿದರೆ ಹಾಸಿಗೆಯೊಂದಕ್ಕೆ ದಿನಕ್ಕೆ 833 ರೂಪಾಯಿ ಬೀಳುತ್ತದೆ. ಅರ್ಧವಷ್ಟೇ ತುಂಬಿದರೆ 1,667. ಹಿರಿಯರ ಪಿಂಚಣಿಯಾದ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ ಬರುವುದೇ 1,200.

ನಾನು ಕಂಡುಕೊಂಡ ದಾರಿ ಇಷ್ಟು. ಎರಡು ಹಾಸಿಗೆ ಪೂರ್ತಿ ದರಕ್ಕೆ: ಮಕ್ಕಳು ಬೆಂಗಳೂರು, ಅಮೆರಿಕ ಅಂತ ಇರುವ ತೋಟದ ಮನೆಗಳ ಹಿರಿಯರಿಗೆ, ದಿನಕ್ಕೆ 1,800. ಮೂರು ಹಾಸಿಗೆ ಬಿಪಿಎಲ್ ಕಾರ್ಡಿನವರಿಗೆ, 450. ಒಂದು ಖಾಲಿ, ರಾತ್ರಿ ಹೊತ್ತಿಗೆ ಯಾರ ಮನೆಯಲ್ಲಾದರೂ ಏನಾದರೂ ಆದರೆ ಇರಲಿ ಎಂದು. ಐದೂ ತುಂಬಿದ ತಿಂಗಳು 1,08,000 ಮತ್ತು 40,500 ಸೇರಿ ಖರ್ಚಿಗೆ ಒಂದೂವರೆ ಸಾವಿರ ಕಮ್ಮಿ ಬೀಳುತ್ತದೆ. ಐದೂ ತುಂಬುವ ತಿಂಗಳು ವರ್ಷದಲ್ಲಿ ಎಷ್ಟು ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಏಪ್ರಿಲ್–ಮೇ ಮದುವೆ ಕಾಲ, ಆಮೇಲೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಹಾಸನದಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ಇನ್ನೊಂದು ಹದಿನೈದು ದಿನ: ಹಾಸನಾಂಬೆಯ ಬಾಗಿಲು ತೆರೆಯಿತೆಂದರೆ ಊರಿನ ಪ್ರತಿ ಮನೆಯಲ್ಲೂ ನೆಂಟರು, ಹಾಲ್‌ನಲ್ಲಿ ಮಂಚ ಹಾಕಿ ಮಲಗಿಸಿದ್ದ ಅಜ್ಜಿಗೆ ಜಾಗವಿರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ನೊಣ ಹೊಡೆಯುತ್ತಾ ಕೂರಬೇಕು. ಜೊತೆಗೆ ಮಳೆಗೆ ಬಟ್ಟೆ ಒಣಗುವುದಿಲ್ಲ, ಬೆಡ್‌ಶೀಟಿನ ಮುಗ್ಗಲು ವಾಸನೆ ಒಂದೇ ಸಾಕು ಗಿರಾಕಿ ಓಡಿಸಲು. ಹೆಚ್ಚುವರಿ ಮಂಚ ಕೊಳ್ಳುವ ಮೊದಲು ಡ್ರೈಯರ್ ಇರುವ ಮಷಿನ್ ಕೊಳ್ಳಿ.

ಅದಕ್ಕೇ ನನ್ನ ಸಲಹೆ, ಹಾಸಿಗೆಯಿಂದ ಶುರುಮಾಡಬೇಡಿ. ಮನೆಗೇ ಹೋಗಿ ನಾಲ್ಕಾರು ಗಂಟೆ ಕೂರುವ ಸೇವೆಯಿಂದ, ಇಲ್ಲವೇ ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಡೇ ಕೇರ್‌ನಿಂದ ಶುರುಮಾಡಿ. ಆದರೆ ಮಲೆನಾಡಿನ ಲೆಕ್ಕವೇ ಬೇರೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಲ್ಲಿ ಕತ್ತಲಾದ ಮೇಲೆ ಹೆಣ್ಣುಮಗಳನ್ನು ಒಬ್ಬಳೇ ಎಸ್ಟೇಟ್ ರಸ್ತೆಯಲ್ಲಿ ಕಳಿಸುವ ಹಾಗಿಲ್ಲ, ಆನೆ ಎಲ್ಲಿ ನಿಂತಿರುತ್ತದೋ ಯಾರಿಗೆ ಗೊತ್ತು. ಅಲ್ಲಿ ನಮ್ಮ ಪಾಳಿ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆ. ತಪ್ಪಿದರೆ ಅಲ್ಲೇ ಉಳಿಯುವ ಇಪ್ಪತ್ನಾಲ್ಕು ಗಂಟೆಯ ಕೆಲಸ. ನಡುವಿನದ್ದನ್ನು ಒಪ್ಪಿಕೊಳ್ಳುವುದೇ ಇಲ್ಲ.

ಸರ್ಕಾರದ ದುಡ್ಡು ಪೂರಾ ಇಲ್ಲವೇ ಎಂದರೆ, ಇದೆ. ವಿಮೆಯ ಕಿಟಕಿಯಲ್ಲಿ ಹುಡುಕಿದರೆ ಸಿಗುವುದಿಲ್ಲ ಅಷ್ಟೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ಬಂದದ್ದು. ಅದರಡಿಯ ‘ನಿರಾಮಯ’ ವಿಮೆ 1 ಲಕ್ಷ ರೂಪಾಯಿಯದು. ಇದರಲ್ಲಿ ಹೊರರೋಗಿ ಚಿಕಿತ್ಸೆಗೂ ಥೆರಪಿಗೂ ಪಾಲಿದೆ. ಹಾಗಾಗಿ ಮಗುವನ್ನು ನಿಮ್ಮ ಡೇ ಕೇರ್‌ಗೆ ಬಿಟ್ಟ ತಾಯಿಗೆ ಥೆರಪಿಯ ಬಿಲ್ಲನ್ನು ಅರ್ಹ ಚಿಕಿತ್ಸಕರ ಸಹಿಯೊಂದಿಗೆ ಬೇರೆಯಾಗಿಯೇ ಕೊಡಿ. ಆ ಹಣವನ್ನು ಅವರು ವಿಮೆಯಿಂದ ಕೇಳಬಹುದು. ನೋಡಿಕೊಂಡ ದುಡ್ಡನ್ನು ಥೆರಪಿ ಎಂದು ಬರೆದುಕೊಡಿ ಎನ್ನುವವರು ಬಂದೇ ಬರುತ್ತಾರೆ. ಪಾಪ ಅನಿಸುತ್ತದೆ, ಆದರೂ ಬರೆದುಕೊಡಬಾರದು. ಅದೇ ಟ್ರಸ್ಟಿನ ‘ಸಮರ್ಥ’ ಯೋಜನೆ ಹುಟ್ಟಿದ್ದೇ ರೆಸ್ಪೈಟ್ ಕೇರ್‌ಗಾಗಿ. ಆದರೆ ಅಲ್ಲಿ ನೋಂದಣಿ ಸಿಗುವುದು ಸೊಸೈಟಿ, ಸಾರ್ವಜನಿಕ ಟ್ರಸ್ಟ್, ಲಾಭ ಹಂಚಿಕೊಳ್ಳದ ಸೆಕ್ಷನ್ 8 ಕಂಪನಿಯಂಥವುಗಳಿಗೆ ಮಾತ್ರ. ಸ್ವಂತ ಹೆಸರಿನಲ್ಲಿ ಅಂಗಡಿ ತೆರೆದಂತೆ ತೆರೆದರೆ ಆ ಬಾಗಿಲು ಮುಚ್ಚಿತು. ಹುಡುಗ ಇದನ್ನು ಕೇಳಿ ತಲೆ ಕೆರೆದುಕೊಂಡ. ಲಾಭ ಹಂಚಿಕೊಳ್ಳಬೇಕೋ, ಈ ದುಡ್ಡು ಬೇಕೋ ಎನ್ನುವುದನ್ನು ನೋಂದಣಿಗೆ ಮೊದಲೇ ತೀರ್ಮಾನಿಸಬೇಕು.

ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಎತ್ತಿಡಬೇಕು. ಸಾಮಾನ್ಯವಾಗಿ ಅದು ಯಾವುದಾದರೊಂದು ಸಲಕರಣೆ ಹಂಚಿ, ಫೋಟೊ ತೆಗೆಸಿ ಮುಗಿಯುತ್ತದೆ. ವರ್ಷಕ್ಕೆ ಇಂತಿಷ್ಟು ದಿನದ ಆರೈಕೆಗೆ ಅದರಲ್ಲಿ ಪಾಲು ಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೇಳಲು ಪಿಡಿಒ ಹತ್ತಿರ ಹೋಗುವ ಮುಂಚೆ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಆಗಿಲ್ಲ, ಅವರಿಗೆ ಬಾಯಿಪಾಠ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಎಂದು ರಾಜ್ಯ ಸರ್ಕಾರ 2024–25ರ ಬಜೆಟ್‌ನಲ್ಲಿ ಹೇಳಿತು. ಸಾವಿರ ರೂಪಾಯಿಗೆ ನಮ್ಮಲ್ಲಿ ಎರಡು ದಿನ. ಆದರೂ ನೋಡಿಕೊಳ್ಳುವವಳನ್ನೂ ಸರ್ಕಾರ ಒಬ್ಬಳು ಎಂದು ಎಣಿಸಿದ್ದು ನನಗೆ ದೊಡ್ಡದಾಗಿಯೇ ಕಂಡಿತು.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫಿಸಿಯೋಥೆರಪಿಯನ್ನೋ ಚಿಕಿತ್ಸೆಯನ್ನೋ ಕೊಡುತ್ತೀರಾದರೆ ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು, ಸೂಜಿ, ಡ್ರೆಸ್ಸಿಂಗ್ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು. ಡೈಪರನ್ನು ನಗರಸಭೆಯ ಗಾಡಿಯವರು ಮುಖ ಸಿಂಡರಿಸದೆ ತೆಗೆದುಕೊಳ್ಳುವಂತೆ ಮಾಡಿಕೊಳ್ಳುವುದು ಇವೆರಡಕ್ಕಿಂತ ಕಷ್ಟ.

ಯಾರೂ ಮೊದಲೇ ಹೇಳದ ಸಂಗತಿಯೊಂದಿದೆ. ಕೆಲವರು ವಾಪಸ್ ಬರುವುದಿಲ್ಲ. ಐದು ದಿನ ಎಂದು ಬಿಟ್ಟು ಹೋದವರ ಫೋನ್ ಆರನೇ ದಿನ ಸ್ವಿಚ್ ಆಫ್. ಈಗ ನಾವು ಕರೆದೊಯ್ಯುವ ದಿನಾಂಕ ಬರೆಸಿ, ಒಂದೇ ಮನೆಯವರಲ್ಲದ ಇಬ್ಬರ ನಂಬರ್ ಪಡೆದು, ಸಹಿ ಹಾಕಿಸುತ್ತೇವೆ. 2007ರ ಪಾಲಕರ ಪೋಷಣೆ ಕಾಯ್ದೆಯ ಪ್ರಕಾರ, ನೋಡಿಕೊಳ್ಳಬೇಕಾದವರು ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದನ್ನು ಗೋಡೆಗೆ ಅಂಟಿಸಿಲ್ಲ. ಅಂಟಿಸಿದರೆ, ಊರವರು ಏನಂದಾರೋ ಎಂದು ಹೆದರಿಕೊಂಡೇ ಬಂದ ಸೊಸೆ ಬಾಗಿಲಿನಿಂದಲೇ ತಿರುಗಿ ಹೋಗುತ್ತಾಳೆ. ಹತ್ತರಲ್ಲಿ ಒಂಬತ್ತು ಜನ ಹೇಳಿದ ದಿನಕ್ಕಿಂತ ಮೊದಲೇ ಬರುತ್ತಾರೆ. ಆಲೂರಿನಾಕೆ ಮೂರು ದಿನ ಎಂದವರು ಎರಡನೇ ದಿನ ಸಂಜೆಗೇ ಬಂದಿದ್ದರು, ಎಲೆಯಡಿಕೆ ಚೀಲದಲ್ಲಿ ಅತ್ತೆಗೆಂದು ಎರಡು ಲಾಡು ಇಟ್ಟುಕೊಂಡು.

ಹುಡುಗ ಮೊನ್ನೆ ಫೋನ್ ಮಾಡಿದ್ದ. ಕಡೂರು ರಸ್ತೆ ಕಡೆ ಒಂದು ಮನೆ ಒಪ್ಪಿಗೆಯಾಗಿ, ಅಡ್ವಾನ್ಸ್ ಕೊಡುವ ಹೊತ್ತಿಗೆ ಓನರ್ ಕೇಳಿದರಂತೆ, “ಒಳಗೆ ಯಾರಾದ್ರೂ ತೀರ್ಕೊಂಡ್ರೆ?” ನನಗೆ ಬಾಡಿಗೆಗೆ ಕೊಟ್ಟ ನಿವೃತ್ತ ಮೇಷ್ಟರೂ ಇದನ್ನೇ ಕೇಳಿದ್ದರು. ಹಾಗೇನಾದರೂ ಆದರೆ ಖರ್ಚು ನನ್ನದು, ಮನೆ ತೊಳೆಸಿ ಶಾಂತಿ ಮಾಡಿಸಿಕೊಡುತ್ತೇನೆ ಎಂದು ಕರಾರು ಪತ್ರದಲ್ಲೇ ಒಂದು ಸಾಲು ಬರೆಸಿದ್ದೆ. ಆ ಸಾಲನ್ನು ಫೋಟೊ ಹೊಡೆದು ಅವನಿಗೆ ವಾಟ್ಸ್ಆ್ಯಪ್ ಮಾಡಿದ್ದೇನೆ. ಓನರ್ ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದಿದ್ದಾರಂತೆ.