ಆರ್‌ವಿಯಲ್ಲಿ ಎಸಿ ಇದೆಯಲ್ಲ, ಮತ್ತೆ ಬಿಸಿಲಿನ ಚಿಂತೆ ಏಕೆ?

ಪ್ರಶ್ನೆ: ಊರಿನಿಂದ ಅಪ್ಪ, ಅಮ್ಮ ಮೇ ತಿಂಗಳಲ್ಲಿ ಬರುತ್ತಿದ್ದಾರೆ. ಮಕ್ಕಳಿಗೆ ಜೂನ್ ಎರಡನೆಯ ವಾರದಿಂದ ರಜೆ. ಲಾಸ್ ವೇಗಸ್‌ನಲ್ಲಿ ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಮನೆಗಾಡಿ, ಬಾಡಿಗೆಗೆ ಹಿಡಿದು ಡೆತ್ ವ್ಯಾಲಿ, ಜಾಯನ್, ಬ್ರೈಸ್ ಕ್ಯಾನ್ಯನ್, ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ ಬರುವ ಯೋಚನೆ ಇದೆ. ಜೂನ್ ಕೊನೆಯಲ್ಲಿ ಹೊರಡಬಹುದೇ? ಬಿಸಿಲು ಇರುತ್ತದೆಂದು ಗೊತ್ತು, ಆದರೆ ಆರ್‌ವಿಯಲ್ಲಿ ಎಸಿ ಇದೆಯಲ್ಲ?

ಉತ್ತರ: ಡೆತ್ ವ್ಯಾಲಿಯನ್ನು ಬಿಡಿ, ಉಳಿದ ಮೂರಕ್ಕೆ ಹೋಗಿ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ರತಿ ವರ್ಷ ಏಪ್ರಿಲ್ ಬಂದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಕೇಳುವವರ ಹೆಸರು ಬೇರೆ, ಊರು ಬೇರೆ, ಕೊನೆಯ ವಾಕ್ಯ ಮಾತ್ರ ಅದೇ. ಚುಟುಕಾಗಿ ಉತ್ತರಿಸಿದರೆ ಮರುದಿನವೇ "ಆದರೂ ಸರ್, ಎಸಿ ಇದೆಯಲ್ಲ" ಎಂದು ಇನ್ನೊಂದು ಪತ್ರ. ಆದ್ದರಿಂದ ಈ ಸಲ ಎಸಿಯ ವಿಷಯವನ್ನು ಬುಡದಿಂದ ಹೇಳಿ ಮುಗಿಸುತ್ತೇನೆ. ಮುಂದಿನ ವರ್ಷ ಕೇಳುವವರಿಗೆ ಇದನ್ನೇ ಕಳುಹಿಸುತ್ತೇನೆ.

ಬಾಡಿಗೆಯ ಆರ್‌ವಿಯಲ್ಲಿ ಎಸಿ ಒಂದಲ್ಲ, ಎರಡು. ಚಾಲಕನ ಮುಂದೆ ಇರುವುದು ಮಾಮೂಲಿ ಕಾರಿನ ಎಸಿ. ಎಂಜಿನ್ ಓಡುವವರೆಗೆ ಅದು ಓಡುತ್ತದೆ, ಮುಂದಿನ ಎರಡು ಸೀಟುಗಳನ್ನು ತಂಪಾಗಿಡುತ್ತದೆ. ಹಿಂದೆ ಕುಳಿತ ಅಜ್ಜ, ಅಜ್ಜಿ, ಮೊಮ್ಮಕ್ಕಳ ತನಕ ಅದರ ಗಾಳಿ ಸರಿಯಾಗಿ ತಲುಪುವುದೇ ಇಲ್ಲ. ನೀವು ನೆಚ್ಚಿಕೊಂಡಿರುವುದು ಛಾವಣಿಯ ಮೇಲಿನ ಎಸಿಯನ್ನು. ಅದಕ್ಕೆ ಬೇಕಾದದ್ದು 120 ವೋಲ್ಟ್ ವಿದ್ಯುತ್ತು, ಸುಮಾರು 1,500 ವ್ಯಾಟ್. ಈ ವಿದ್ಯುತ್ತು ಬರುವುದು ಎರಡೇ ಕಡೆಯಿಂದ: ಕ್ಯಾಂಪ್‌ಗ್ರೌಂಡಿನಲ್ಲಿ ನಿಮ್ಮ ಜಾಗದ ಪಕ್ಕ ನೆಟ್ಟಿರುವ ಪ್ಲಗ್ ಕಂಬದಿಂದ, ಅಂದರೆ ಹುಕ್‌ಅಪ್‌ನಿಂದ, ಇಲ್ಲವಾದರೆ ಗಾಡಿಯಲ್ಲೇ ಇರುವ ಜನರೇಟರಿನಿಂದ.

ಬ್ಯಾಟರಿ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ದೀಪ, ನೀರಿನ ಪಂಪು, ಹೀಟರಿನ ಫ್ಯಾನು ನಡೆಸುವುದಕ್ಕೆ. ಲೆಕ್ಕ ಹಾಕಿ ನೋಡಿ: 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿ ಎಂದರೆ 1,200 ವ್ಯಾಟ್-ಅವರ್. ಸೀಸದ ಬ್ಯಾಟರಿಯಾದರೆ ಅದರ ಅರ್ಧವನ್ನಷ್ಟೇ ಬಳಸಬೇಕು. ಉಳಿದ 600ರಲ್ಲಿ 1,500 ವ್ಯಾಟಿನ ಎಸಿ ಅರ್ಧ ಗಂಟೆಯೂ ನಡೆಯುವುದಿಲ್ಲ; ಅದೂ ದೊಡ್ಡ ಇನ್ವರ್ಟರ್ ಇದ್ದರೆ. ಬಾಡಿಗೆ ಗಾಡಿಗಳಲ್ಲಿ ಸಾಮಾನ್ಯವಾಗಿ ಅಂಥ ಇನ್ವರ್ಟರ್ ಇರುವುದೇ ಇಲ್ಲ. ಛಾವಣಿಯ ಮೇಲೆ ಅಂಟಿಸಿರುವ 100 ವ್ಯಾಟಿನ ಸೌರಫಲಕ ಈ ಜಗಳದಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಜನರೇಟರ್. ಅದು ಗಾಡಿಯ ಟ್ಯಾಂಕಿನಿಂದಲೇ ಪೆಟ್ರೋಲು ಹೀರುತ್ತದೆ, ಗಂಟೆಗೆ ಹೆಚ್ಚುಕಡಿಮೆ ಎರಡು ಲೀಟರ್. ಟ್ಯಾಂಕು ಕಾಲು ಭಾಗಕ್ಕೆ ಇಳಿದಾಗ ತಾನಾಗಿ ನಿಂತುಬಿಡುತ್ತದೆ. ನೀವು ಮರುಭೂಮಿಯ ನಡುವೆ ಸಿಕ್ಕಿಕೊಳ್ಳಬಾರದೆಂದು ಹಾಗೆ ಮಾಡಿದ್ದಾರೆ. ಬಾಡಿಗೆ ಕೊಟ್ಟವರು ಎಷ್ಟೋ ಸಲ ಗಂಟೆಗಿಷ್ಟು ಎಂದು ಬೇರೆ ಶುಲ್ಕ ಹಾಕುತ್ತಾರೆ. ಹಣದ ಮಾತು ಪಕ್ಕಕ್ಕಿಡೋಣ. ರಾಷ್ಟ್ರೀಯ ಉದ್ಯಾನಗಳಲ್ಲಿ ಜನರೇಟರಿಗೆ ಹೊತ್ತು ಗೊತ್ತುಮಾಡಿರುತ್ತಾರೆ. ಉದಾಹರಣೆಗೆ, ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಉದ್ಯಾನದಲ್ಲಿ ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಜಾಯನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನಲ್ಲಿ ಜನರೇಟರ್ ಹಾಕುವಂತೆಯೇ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯಾವ ರಾಷ್ಟ್ರೀಯ ಉದ್ಯಾನದಲ್ಲೂ ಸದ್ದು ಮಾಡುವಂತಿಲ್ಲ. ಅಂದರೆ ನೀವು ಮಲಗುವ ಹೊತ್ತಿಗೆ ಸರಿಯಾಗಿ ನಿಮ್ಮ ಎಸಿ ಬಂದ್.

"ಹಾಗಾದರೆ ಹುಕ್‌ಅಪ್ ಇರುವ ಕಡೆಯೇ ನಿಲ್ಲುತ್ತೇವೆ." ನಿಲ್ಲಿ, ಸಿಕ್ಕರೆ. ಜೋಶುವಾ ಟ್ರೀ ಉದ್ಯಾನದ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ಹುಕ್‌ಅಪ್ ಇಲ್ಲ. ಬ್ರೈಸ್‌ನಲ್ಲಿ ಉದ್ಯಾನದ ಒಳಗೆ ಇಲ್ಲ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್ ಕ್ಯಾಂಪ್‌ಗ್ರೌಂಡಿನಲ್ಲಿ ಪೂರ್ತಿ ಹುಕ್‌ಅಪ್ (ವಿದ್ಯುತ್ತು, ನೀರು, ಚರಂಡಿ ಮೂರೂ) ಇರುವ ಜಾಗಗಳು 18. ಅಷ್ಟು ದೊಡ್ಡ ಉದ್ಯಾನಕ್ಕೆ 18! ಹತ್ತಿರದ ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ಇನ್ನಷ್ಟು ಸಿಗುತ್ತವೆ, ನಿಜ.

ಪ್ಲಗ್ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಛಾವಣಿಯ ಎಸಿ ತನ್ನೊಳಗೆ ಎಳೆದುಕೊಂಡ ಗಾಳಿಯನ್ನು ಒಂದು ಸುತ್ತಿಗೆ ಹತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ಮಾಡಿ ಬಿಡುತ್ತದೆ. ಒಳ್ಳೆಯ ಗೋಡೆಗಳಿದ್ದರೆ ಅದೇ ಗಾಳಿ ಮತ್ತೆ ಮತ್ತೆ ಸುತ್ತಿ ಕೋಣೆ ತಣ್ಣಗಾಗುತ್ತಿತ್ತು. ಆದರೆ ಆರ್‌ವಿ ಬಿಸಿಲಿಗಿಟ್ಟ ತಗಡಿನ ಡಬ್ಬಿ. ತೆಳು ಗೋಡೆ, ಒಂಟಿ ಗಾಜಿನ ಕಿಟಕಿ, ಆಗಾಗ ತೆರೆದು ಮುಚ್ಚುವ ಬಾಗಿಲು. ಹೊರಗೆ 47 ಡಿಗ್ರಿ ಇದ್ದಾಗ ಎಸಿ ಇಡೀ ದಿನ ಗುಡುಗುಡು ಎಂದರೂ ಒಳಗೆ 35ರ ಆಸುಪಾಸಿನಲ್ಲೇ ಒದ್ದಾಡುತ್ತದೆ. ಪ್ರೊಪೇನ್ ಅನಿಲದಲ್ಲಿ ನಡೆಯುವ ಫ್ರಿಜ್ಜಿಗೂ ಅಷ್ಟು ಸೆಖೆಯಲ್ಲಿ ಶಾಖವನ್ನು ಹೊರಹಾಕಲು ಆಗುವುದಿಲ್ಲ. ಹೆಪ್ಪು ಹಾಕಿದ ಹಾಲು ಮಧ್ಯಾಹ್ನದೊಳಗೆ ಮೊಸರಾಗಿ, ಸಂಜೆಗೆ ಹುಳಿ ಬಂದಿರುತ್ತದೆ.

47 ಎಂದದ್ದು ಉತ್ಪ್ರೇಕ್ಷೆಯಲ್ಲ. ಜುಲೈನಲ್ಲಿ ಫರ್ನೇಸ್ ಕ್ರೀಕಿನ ಸರಾಸರಿ ಗರಿಷ್ಠ ಉಷ್ಣಾಂಶವೇ ಅಷ್ಟಿದೆ. ಜೂನ್ ತಿಂಗಳದ್ದು ಸುಮಾರು 43. 1913ರ ಜುಲೈ 10ರಂದು ಅಲ್ಲಿ ದಾಖಲಾದ 56.7 ಡಿಗ್ರಿ ಇಂದಿಗೂ ಜಗತ್ತಿನ ಅಧಿಕೃತ ದಾಖಲೆ. 2024ರ ಜುಲೈ ಅಲ್ಲಿನ ಇತಿಹಾಸದಲ್ಲೇ ಅತಿ ಬಿಸಿಯ ತಿಂಗಳು: ಹಗಲು, ರಾತ್ರಿ ಸೇರಿಸಿ ಸರಾಸರಿ 42.5 ಡಿಗ್ರಿ. ರಾತ್ರಿ ಸೇರಿಸಿ ಎಂಬುದನ್ನು ಗಮನಿಸಿ. "ಮರುಭೂಮಿಯಲ್ಲಿ ರಾತ್ರಿ ಚಳಿ ಇರುತ್ತದೆ" ಎಂದು ಶಾಲೆಯಲ್ಲಿ ಕಲಿತದ್ದು ಇಲ್ಲಿಗೆ ಹೊಂದುವುದಿಲ್ಲ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ತಗ್ಗು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ, ಎರಡೂ ಕಡೆ ಎತ್ತರದ ಬೆಟ್ಟಗಳು. ಹಗಲು ಕಾದ ಕಲ್ಲು, ಮಣ್ಣು ರಾತ್ರಿಯಿಡೀ ಶಾಖ ಬಿಡುತ್ತಲೇ ಇರುತ್ತವೆ. ಮೇಲೇರಿದ ಗಾಳಿ ಬೆಟ್ಟ ದಾಟಿ ಹೋಗಲಾಗದೆ ಮತ್ತೆ ಕಣಿವೆಗೇ ಇಳಿದು ಇನ್ನಷ್ಟು ಬಿಸಿಯಾಗುತ್ತದೆ. ನಡುಬೇಸಿಗೆಯಲ್ಲಿ ಬೆಳಗಿನ ಜಾವದ ಕನಿಷ್ಠವೇ 30 ದಾಟಿರುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ವಾದ ಉಳಿದಿರುತ್ತದೆ. "ನಮ್ಮ ಅಪ್ಪ ಕಲಬುರಗಿಯವರು, ಅವರಿಗೆ ಬಿಸಿಲು ಹೊಸದೇನಲ್ಲ." ಬಿಸಿಲುನಾಡಿನವರ ಮೇಲೆ ನನಗೆ ಪೂರ್ಣ ಗೌರವವಿದೆ. ಆದರೆ ಅವರು ಮೇ ತಿಂಗಳ ಮಧ್ಯಾಹ್ನವನ್ನು ಕಳೆಯುವುದು ಮೊಳದಗಲದ ಕಲ್ಲಿನ ಗೋಡೆಯ ಮನೆಯೊಳಗೆ, ಹನ್ನೊಂದು ಗಂಟೆಗೇ ಬಾಗಿಲು ಹಾಕಿಕೊಂಡು. ಬಿಸಿಲು ಗೊತ್ತಿರುವವರು ಬಿಸಿಲಿಗೆ ಹೋಗುವುದಿಲ್ಲ. ಇಲ್ಲಿ ನೀವು ಅವರನ್ನು ಕರೆದೊಯ್ಯುತ್ತಿರುವುದು ನೋಡುವುದಕ್ಕೆ, ಅಂದರೆ ಹೊರಗೆ. ಜೊತೆಗೆ ಡೆತ್ ವ್ಯಾಲಿಯ ಗಾಳಿ ಎಷ್ಟು ಒಣಗಿದೆಯೆಂದರೆ ಬೆವರು ಮೈಮೇಲೆ ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ದೇಹದ ನೀರು ಖಾಲಿಯಾಗುತ್ತಿರುವುದು ತಿಳಿಯುವುದೇ ಇಲ್ಲ. ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಎಂದು ಉದ್ಯಾನದವರು ಹೇಳುವುದು ಇದಕ್ಕೇ. ಬೇಸಿಗೆಯಲ್ಲಿ ಬೆಳಿಗ್ಗೆ 10ರ ನಂತರ ತಗ್ಗು ಪ್ರದೇಶಗಳಲ್ಲಿ ನಡೆಯಲು ಹೋಗಬೇಡಿ ಎಂದೂ ಅವರೇ ಹೇಳುತ್ತಾರೆ. ಬಿಪಿ ಮಾತ್ರೆ ನುಂಗುವ ಎಪ್ಪತ್ತರ ಹಿರಿಯರಿಗೆ ಏನಾದರೂ ಆದರೆ? 2024ರ ಜುಲೈನಲ್ಲಿ ಬೈಕ್ ಸವಾರರೊಬ್ಬರು ಅಲ್ಲಿ ಬಿಸಿಲಿಗೆ ತೀರಿಕೊಂಡಾಗ ಆಸ್ಪತ್ರೆಯ ಹೆಲಿಕಾಪ್ಟರ್ ಬರಲು ಆಗಲಿಲ್ಲ. ಸುಮಾರು 49 ಡಿಗ್ರಿ ದಾಟಿದ ತೆಳು ಗಾಳಿಯಲ್ಲಿ ಅವು ಸುರಕ್ಷಿತವಾಗಿ ಹಾರುವುದಿಲ್ಲ.

ಕೊನೆಯದಾಗಿ ನಿಮ್ಮ ಬಾಡಿಗೆ ಕರಾರು ತೆರೆದು ಓದಿ. ಬೇಸಿಗೆಯಲ್ಲಿ ಡೆತ್ ವ್ಯಾಲಿಗೆ ಗಾಡಿ ಒಯ್ಯಕೂಡದೆಂದು ಹಲವು ಕಂಪನಿಗಳು ಅದರಲ್ಲೇ ಬರೆದಿರುತ್ತವೆ. ಅಲ್ಲಿಂದ ಹೊರಬರುವ ಟೌನ್ ಪಾಸ್ ಏರು 1,500 ಮೀಟರಿನಷ್ಟು ಎತ್ತರಕ್ಕೆ ಹೋಗುತ್ತದೆ. ಎಂಜಿನ್ ಕಾಯದಿರಲಿ, ಎಸಿ ಆರಿಸಿ ಎಂದು ರಸ್ತೆ ಬದಿಯಲ್ಲೇ ಫಲಕ ಹಾಕಿದ್ದಾರೆ. ಎಸಿ ಇದೆಯಲ್ಲ ಎಂದಿರಿ. ಬೇಕಾದ ಕಡೆಯೇ ಆರಿಸಬೇಕು. ಡೆತ್ ವ್ಯಾಲಿ ನೋಡಲೇಬೇಕೆಂದರೆ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಹೋಗಿ. ಆಗ ಅದರಷ್ಟು ಸುಖದ ಜಾಗ ಇನ್ನೊಂದಿಲ್ಲ.

ಉಳಿದ ಮೂರು ಉದ್ಯಾನಗಳ ಮಾತು ಬೇರೆ, ಏಕೆಂದರೆ ಎತ್ತರ ಬೇರೆ. ಒಣಗಾಳಿಯಲ್ಲಿ ಸಾವಿರ ಮೀಟರ್ ಏರಿದರೆ ಹತ್ತಿರ ಹತ್ತಿರ 10 ಡಿಗ್ರಿ ಕಡಿಮೆಯಾಗುತ್ತದೆ. ಜಾಯನ್ ಕಣಿವೆ ಸುಮಾರು 1,200 ಮೀಟರ್. ಜೂನ್ ಹಗಲು ಬಿಸಿಯೇ, ಆದರೆ ವಾಚ್‌ಮನ್‌ನಲ್ಲಿ ವಿದ್ಯುತ್ ಇರುವ ಜಾಗಗಳಿವೆ, ಅದನ್ನೇ ಹಿಡಿಯಿರಿ. ಆರು ತಿಂಗಳ ಮೊದಲೇ ಕಾದಿರಿಸುವವರ ಜೊತೆ ಪೈಪೋಟಿ ಇದೆ, ರದ್ದಾದದ್ದು ಸಿಗುತ್ತದೆಯೇ ಎಂದು ದಿನವೂ ನೋಡುತ್ತಿರಬೇಕು. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚು 2,100 ಮೀಟರ್. ಅಲ್ಲಿ ಟ್ರೇಲರ್ ವಿಲೇಜ್ ಕ್ಯಾಂಪ್‌ಗ್ರೌಂಡಿನಲ್ಲಿ ಪೂರ್ತಿ ಹುಕ್‌ಅಪ್ ಇದೆ, ಮ್ಯಾಥರ್ ಕ್ಯಾಂಪ್‌ಗ್ರೌಂಡಿನಲ್ಲಿ ಇಲ್ಲ. ಬ್ರೈಸ್ 2,400 ಮೀಟರ್. ಹುಕ್‌ಅಪ್ ಬೇಕಾಗಿಯೇ ಇಲ್ಲ. ಜೂನ್‌ನಲ್ಲೂ ರಾತ್ರಿ ಐದು ಡಿಗ್ರಿಗೆ ಇಳಿಯಬಹುದು, ಅಮ್ಮನಿಗೆ ಸ್ವೆಟರ್ ಇಡಿ. ಚಳಿಗೆ ಆರ್‌ವಿಯಲ್ಲಿ ಚಿಂತೆಯಿಲ್ಲ: ಹೀಟರ್ ಪ್ರೊಪೇನ್ ಸುಡುತ್ತದೆ, ಫ್ಯಾನಿಗೆ ಬ್ಯಾಟರಿ ಸಾಕು. ಬಿಸಿ ಮಾಡುವುದು ಅದಕ್ಕೆ ಸಲೀಸು. ತಂಪು ಮಾಡುವುದಕ್ಕೇ ಪ್ಲಗ್ ಬೇಕು.

ದಾರಿಯ ಬಗ್ಗೆ ಒಂದೇ ಮಾತು. ಜಾಯನ್‌ನಿಂದ ಬ್ರೈಸ್‌ಗೆ ನಕ್ಷೆ ತೋರಿಸುವ ಹತ್ತಿರದ ದಾರಿ 1930ರಲ್ಲಿ ಮುಗಿದ ಸುರಂಗದ ಮೂಲಕ ಹೋಗುತ್ತದೆ. 2026ರ ಜೂನ್‌ನಿಂದ ಅದರೊಳಗೆ ಗೊತ್ತಾದ ಅಳತೆ ಮೀರಿದ ದೊಡ್ಡ ಗಾಡಿಗಳನ್ನು ಬಿಡುವುದಿಲ್ಲವೆಂದು ಉದ್ಯಾನದ ಆಡಳಿತ ನಿರ್ಧರಿಸಿದೆ. ಬಾಡಿಗೆಯ ಆರ್‌ವಿ ಸಾಮಾನ್ಯವಾಗಿ ಆ ಅಳತೆ ಮೀರಿಯೇ ಇರುತ್ತದೆ. ಹರಿಕೇನ್ ಊರಿನ ಕಡೆಯಿಂದ ಸುತ್ತಿ ಹೋಗಿ.

ಇನ್ನು ನೀವು ಕೇಳದಿದ್ದರೂ ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುವ ಪ್ರಶ್ನೆ: ಬೇಳೆ ಹೇಗೆ ಬೇಯಿಸುವುದು? ಎಲ್ಲರೂ ಮಾಡುವುದು ಒಂದೇ, ಮನೆಯ ಇನ್‌ಸ್ಟಂಟ್ ಪಾಟ್, ಅಂದರೆ ವಿದ್ಯುತ್ ಕುಕ್ಕರ್, ಹೊತ್ತು ತರುವುದು. ಅದಕ್ಕೂ 1,000 ವ್ಯಾಟ್ ಬೇಕು. ಬ್ರೈಸ್‌ನಲ್ಲಿ ಪ್ಲಗ್ ಎಲ್ಲಿದೆ? ಮಿಕ್ಸಿಯ ಕಥೆಯೂ ಅದೇ. ಚಟ್ನಿಪುಡಿ ತನ್ನಿ, ಚಟ್ನಿ ಮರೆತುಬಿಡಿ. ತರಬೇಕಾದದ್ದು ಗ್ಯಾಸ್ ಒಲೆಯ ಮೇಲಿಡುವ ಹಳೆಯ ಸೀಟಿ ಕುಕ್ಕರ್. 2,400 ಮೀಟರ್ ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬಹಳ ಹೊತ್ತು ಕುದಿಸಿದರೂ ಬೇಗ ಮೆತ್ತಗಾಗುವುದಿಲ್ಲ. ಕುಕ್ಕರಿನೊಳಗೂ ಬಿಸಿ ಮನೆಯಲ್ಲಿ ಏರಿದಷ್ಟು ಏರುವುದಿಲ್ಲ, ಏಕೆಂದರೆ ಅದರ ತೂಕ ಹೊರಗಿನ ಗಾಳಿಯ ಒತ್ತಡದ ಮೇಲೆ ತನ್ನ ಒತ್ತಡವನ್ನು ಸೇರಿಸುತ್ತದಷ್ಟೆ, ಹೊರಗಿನದ್ದೇ ಅಲ್ಲಿ ಕಡಿಮೆ. ಬೇಳೆಯನ್ನು ಒಂದು ಗಂಟೆ ನೆನೆಹಾಕಿ, ಎರಡು ಸೀಟಿ ಹೆಚ್ಚು ಕೂಗಿಸಿ. ಒಗ್ಗರಣೆಗೆ ಮೊದಲು ಒಲೆಯ ಮೇಲಿನ ಫ್ಯಾನ್ ಹಾಕಿ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಹೊಗೆಯ ಅಲಾರಂ ಇಡೀ ಕ್ಯಾಂಪ್‌ಗ್ರೌಂಡಿಗೆ ನಿಮ್ಮ ಸಾರಿನ ಸುದ್ದಿ ಮುಟ್ಟಿಸುತ್ತದೆ.

ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಆರ್‌ವಿಯ ಬಚ್ಚಲು ಟ್ಯಾಂಕಿಗೇ ಹೋಗಬೇಕು, ಆ ಟ್ಯಾಂಕನ್ನು ಕೊಳೆನೀರು ಸುರಿಯಲೆಂದೇ ಇರುವ ಡಂಪ್ ಸ್ಟೇಷನ್‌ನಲ್ಲೇ ಖಾಲಿ ಮಾಡಬೇಕು. ಒಣಗಿ ನಿಂತ ಗಿಡ ಕಂಡು ಅಮ್ಮ ಅದರ ಬುಡಕ್ಕೆ ಚೆಂಬು ಬಗ್ಗಿಸುವುದು ಸಹಜ. ಉದ್ಯಾನದಲ್ಲಿ ಅದು ನಿಯಮಬಾಹಿರ. ಹೊರಡುವ ಮೊದಲೇ ಅವರಿಗೆ ನೀವೇ ಹೇಳಿಡಿ, ರೇಂಜರ್ ಬಂದು ಹೇಳುವಂತಾಗಬಾರದು.